ಭಂಡಾರ ಹಿಡಿಸಿ ಕೇಳಿದವರು

ಕೊಕ್ಕರೆಯಂಥ ಉದ್ದ ಕುತ್ತಿಗೆ ಅವರದು. ಮಾತು ಕೇಳುವಾಗ ಕಣ್ಣು ಮುಚ್ಚುತ್ತಿದ್ದರು, ಗಂಟಲಮಣಿ ಮೇಲೆ ಕೆಳಗೆ ಆಡುತ್ತಿತ್ತು. ಜಮಖಂಡಿಯ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದ ಪ್ರೊಫೆಸರ್ ಸಾಹೇಬರು. ಆಣೆಕಟ್ಟಿನ ಹಿನ್ನೀರಿಗೆ ನಮ್ಮೂರು ಮುಳುಗುವುದೆಂದಾದಾಗ, ಕಾಗದಪತ್ರವಿಲ್ಲದ ಮನೆಯವರ ಮಾತು ಕೇಳಿ ಬರೆದುಕೊಳ್ಳಲು ಸರ್ಕಾರ ಸಮಿತಿ ಮಾಡಿ ಅವರನ್ನು ಕಳಿಸಿತು. ಅವರು ಬರೆದರೆ ಹೊಸ ಊರಿನಲ್ಲಿ ಜಾಗ, ಇಲ್ಲದಿದ್ದರೆ ಇಲ್ಲ.

ಬೀರಪ್ಪ ದೇವರ ಒಕ್ಕಲಾದ ನಾವು ಭಂಡಾರ, ಅಂದರೆ ದೇವರ ಅರಿಷಿಣ, ಕೈಯಲ್ಲಿ ಹಿಡಿದು ಸುಳ್ಳು ಹೇಳುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರು. ಮಕ್ಕಳೇ, ಅದು ಖರೆ. ಆದರೆ ಅರ್ಧ ಖರೆ. ಭಂಡಾರ ಕೈಯಲ್ಲಿದ್ದಾಗ ನಾವು ಮನೆ, ಕುರಿ, ಯಾವುದನ್ನೂ ನಮ್ಮದು ಅನ್ನುವುದಿಲ್ಲ. ಎಲ್ಲ ದೇವರದು. ಇದನ್ನು ಅವರು ಕೇಳಲಿಲ್ಲ.

ನಿಮ್ಮಜ್ಜನ ಕೈಯಲ್ಲಿ ಅರಿಷಿಣ ಹಾಕಿಸಿ ಕೇಳಿದರು, “ಈ ಮನಿ ಯಾರದಪಾ?”

“ಬೀರಪ್ಪಂದ್ರಿ. ನಾವು ಕಾಯಾವ್ರು ಅಷ್ಟ.”

“ನಿಂದಲ್ಲೇನು?”

“ಭಂಡಾರ ಕೈಯಾಗೈತಿ. ನಂದು ಅಂತ ಹೆಂಗ ಅನ್ಲಿರಿ?”

ಸಾಹೇಬರು ಕಣ್ಣು ತೆರೆದು, ಇಂಥ ಸತ್ಯವಂತ ಸಿಗುವುದಿಲ್ಲ ಎನ್ನುವಂತೆ ತಲೆಯಾಡಿಸಿ, ಮನೆ ಇವನದಲ್ಲ ಎಂದು ಬರೆದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಸಾಹೇಬರ ಮುಂದೆ ಹೆಣ್ಣುಮಕ್ಕಳು ಮಾತಾಡುವುದುಂಟೆ ಎಂದು ಸೆರಗು ಕಚ್ಚಿಕೊಂಡೆ. ಆ ಸಿಟ್ಟು ಇಂದಿಗೂ ನನಗೆ ನನ್ನ ಮೇಲೇ ಇದೆ.

ಪಟ್ಟಿ ಬಂತು, ನಮ್ಮ ಹೆಸರಿಲ್ಲ. ನೀರು ಬಂತು, ಮನೆಯೂ ಹೋಯಿತು. ಬಾಡಗಂಡಿ ಹತ್ತಿರ ಕಬ್ಬಿನ ಹೊಲದ ಬದುವಿನಲ್ಲಿ ತಗಡಿನ ಶೆಡ್ಡು ಹಾಕಿದೆವು. “ದೊಡ್ಡವ್ರ ಜೋಡಿ ಜಗಳ ಬ್ಯಾಡಬೇ” ಎಂದರು ನಿಮ್ಮಜ್ಜ. ನಾನು ಒಬ್ಬಳೇ ಬಸ್ಸು ಹತ್ತಿ ಜಮಖಂಡಿಗೆ ಹೋದೆ. ಸಾಹೇಬರು ಪಡಸಾಲೆಯಲ್ಲಿ ಓದುತ್ತ ಕೂತಿದ್ದರು. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಸಾಹೇಬ್ರ, ಭಂಡಾರ ಹಿಡಿಸಿ ಕೂಸು ಯಾರದು ಅಂತ ಕೇಳಿದ್ರೂ ಬೀರಪ್ಪಂದು ಅಂತೇವಿ. ಹಂಗಂತ ಕೂಸಿಗೆ ಅಪ್ಪ ಇಲ್ಲೇನು?”

ಅವರು ಪುಸ್ತಕ ಮುಚ್ಚಿಟ್ಟರು. “ಸತ್ಯ ಅಂದ್ರೇನು ಅಂತ ಜೀವಮಾನ ಎಲ್ಲಾ ಕಲಿಸೀನಿ, ತಾಯಿ. ನಿಮ್ಮನ್ನ ಒಂದು ಮಾತು ಕೇಳ್ಲಿಲ್ಲ.”

“ಕಲಿಸಿ ಏನ್ ಮಾಡಿದ್ರಿ? ಮನಿ ನೀರಾಗ ಹೋತು!”

ಅವರ ಮನೆಯ ಚಹಾ ಮುಟ್ಟದೆ ಬಂದೆ.

ಮರುದಿನವೇ ಅವರು ಮುಳುಗಡೆ ಆಫೀಸಿಗೆ ಹೋಗಿ, ತಪ್ಪು ತಮ್ಮದೆಂದು ಬರೆದುಕೊಟ್ಟರು. “ಸಮಿತಿ ಮುಗೀತಲ್ರಿ ಸಾಹೇಬ್ರ, ಈಗ ನೀವು ಯಾರು?” ಎಂದನಂತೆ ಅಲ್ಲಿಯ ಅಧಿಕಾರಿ. ಕಾರಕೂನನೊಬ್ಬ, “ತಪ್ಪು ಒಪ್ಪಿಕೊಳ್ಳಾಕ ನಮ್ಮಲ್ಲಿ ಫಾರ್ಮ್ ಇಲ್ರಿ” ಎಂದು ನಕ್ಕನಂತೆ. ಸೋಮವಾರ ಬಂದರೆ ಸಾಕು, ಆ ಮುದುಕರು ಬಿಸಿಲಿನಲ್ಲಿ ಆ ಆಫೀಸಿನ ಕಟ್ಟೆಯ ಮೇಲೆ. ಹೀಗೆ ಆರು ವರ್ಷ. ಕೊನೆಗೆ ಒಂದು ದಿನ ಅವರೇ ನನ್ನನ್ನು ಅಲ್ಲಿಗೆ ಕರೆದೊಯ್ದು, ಅಧಿಕಾರಿಯ ಮುಂದೆ ಕುರ್ಚಿ ಎಳೆದು ಕೂಡಿಸಿ, “ನಾ ಬರದಿದ್ದು ಸುಳ್ಳು. ಇವರು ಹೇಳೂದು ಬರಕೋರಿ” ಎಂದರು. ನಾನು ಹೇಳಿದೆ. ಜಾಗ ಸಿಕ್ಕಿತು. ನೀವು ಆಡುವ ಈ ಅಂಗಳ ಅದೇ. ಆದರೆ ನಿಮ್ಮಜ್ಜ ಅಷ್ಟರಲ್ಲಿ ತಗಡಿನ ಕೆಳಗೇ ತೀರಿಕೊಂಡಿದ್ದರು. ಇದನ್ನು ಯಾವ ಕ್ಷಮೆಯೂ ತುಂಬಲಾರದು.

ಸಾಹೇಬರು ತೀರಿಕೊಂಡಾಗ ಕಾಲೇಜಿನಲ್ಲಿ ಶೋಕಸಭೆ ಇತ್ತು. ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ದೊಡ್ಡ ಮನುಷ್ಯರೊಬ್ಬರು, ಸರ್ಕಾರದ ಕೆಲಸದಲ್ಲಿ ಅವರ ಕೈಯಿಂದ ಒಂದು ತಪ್ಪೂ ಆಗಲಿಲ್ಲ ಎಂದರು. ಚಪ್ಪಾಳೆ. ನಾನು ಎದ್ದು ನಿಂತೆ.

“ಸುಳ್ಳು! ನಮ್ಮ ಮನಿ ವಿಷಯದಾಗ ತಪ್ಪು ಬರದ್ರು. ಅದನ್ನ ತಿದ್ದಾಕ ನಾಯಿ ಹಂಗ ಅಲದ್ರು, ನೀವು ಒಬ್ರೂ ಜೋಡಿ ಹೋಗ್ಲಿಲ್ಲ. ಅದನ್ನ ಹೇಳ್ರಿ!”

“ಕೂಡಬೇ ಯವ್ವಾ, ಕೂಡು” ಎಂದು ಯಾರೋ ಸೆರಗು ಜಗ್ಗಿದರು.

ನಾನು ಕೂಡಲಿಲ್ಲ.