ಬೆಕ್ಕಿಗೆ ಅಂಟಿಸಿದ ‘ಮ’

ಮೊನ್ನೆ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ, ಮೊಮ್ಮಗನ ಮನೆಯಲ್ಲಿ, ಮಧ್ಯಾಹ್ನ ಮಲಗಿ ಎದ್ದಾಗ ನನ್ನ ಬೋಳುತಲೆಯ ಮೇಲೆ ಆನೆಯೊಂದು ನಿಂತಿತ್ತು. ಮರಿಮಗಳು ಸ್ಟಿಕರ್ ಅಂಟಿಸಿದ್ದಳು. “ಹೀಗೆ ಬಿಡಿಸಿ ಅಂಟಿಸಿದ್ರೆ ಮಕ್ಕಳ ಬೆರಳು ಪಳಗ್ತದೆ ಅಜ್ಜ, ಬುದ್ಧಿ ಚುರುಕಾಗ್ತದೆ” ಎಂದು ಅವಳ ತಾಯಿ ನನಗೆ ಹೊಸ ವಿದ್ಯೆ ಕಲಿಸಿದಳು. ನಾನು ಆನೆಯನ್ನು ಸವರಿಕೊಂಡೆ. ಈ ವಿದ್ಯೆಯಲ್ಲಿ ನಾನು ಹಳೇ ಪಾಪಿ.

ಮೂವತ್ತರ ದಶಕದ ಮಾತು. ಮೆಟ್ರಿಕ್‌ವರೆಗೆ ಓದಿದ ನಾನು ನಮ್ಮೂರು ಹಬ್ಬುವಾಡದಿಂದ ಅಂಕೋಲೆ ಕಡೆಯ ಒಂದು ಶಾಲೆಗೆ ಬಿಗರಿ ಮಾಸ್ತರನಾಗಿ ಹೋದೆ. ಬಿಗರಿ ಎಂದರೆ ಒಂದನೇ ಇಯತ್ತೆಗಿಂತ ಮೊದಲಿನ, ಮೂಗು ಸೋರುವ ವರ್ಗ. ಮಕ್ಕಳಿಗೆ ಅಕ್ಷರ ಹತ್ತಲೆಂದು ಒಂದು ಉಪಾಯ ಹೂಡಿದೆ. ರದ್ದಿ ಕಾಗದದ ಚೀಟಿಗಳಲ್ಲಿ ಒಂದೊಂದು ಅಕ್ಷರ ಬರೆದು, ಕುಚ್ಚಲಕ್ಕಿ ಗಂಜಿಯ ಅಂಟು ಕಾಸಿಟ್ಟು, ಯಾವುದರ ಹೆಸರು ಯಾವ ಅಕ್ಷರದಿಂದ ಶುರುವೋ ಅದಕ್ಕೆ ಅಂಟಿಸಿ ಬನ್ನಿ ಎಂದೆ. ಅರ್ಧ ಅಂಟು ಮಕ್ಕಳ ಹೊಟ್ಟೆಗೆ ಹೋಯಿತು. ಉಳಿದರ್ಧದಲ್ಲಿ ಊರಿಗೇ ಅಕ್ಷರ ಬಂತು. ಒಂದು ಆಡಿಗೆ ಅಂಟಿಸಿದ ‘ಆ’ವನ್ನು ಇನ್ನೊಂದು ಆಡು ತಿಂದಿತು. ಜಗುಲಿಯಲ್ಲಿ ನಿದ್ದೆಹೋಗಿದ್ದ ಅಜ್ಜನೊಬ್ಬನ ಹಣೆಗೆ ‘ಅ’ ಹತ್ತಿ, ಅವನ ಹೆಂಡತಿ ಶಾಲೆಗೇ ಬಂದಳು. “ಎಂಥಾ ಮಾಸ್ತರ್ರಾ ನೀವು? ನಮ್ಮನೆಯವ್ರಿಗೆ ಯಾರೋ ಮಾಟ ಮಾಡ್ಯಾರೆ ಅಂದ್ಕಂಡು ನನ್ನ ಜೀವವೇ ಹೋಯ್ತಲ್ರಾ!”

ಶೇವಂತಿಗೆ ಮಾತ್ರ ಈ ಆಟ ಕೈಹತ್ತಲಿಲ್ಲ. ಹಣಕೋಣದಿಂದ ಬಂದು ನೆಲೆಸಿದವರ ಮಗಳು. ಮನೆಯಲ್ಲಿ ಬರೀ ಕೊಂಕಣಿ. ಬಾಗಿಲಿಗೆ ‘ದ’ ಅಂಟಿಸುವಳು, ನಾಯಿಗೆ ‘ಸ’. ಕೊಂಕಣಿಯಲ್ಲಿ ಬಾಗಿಲು ‘ದಾರ’, ನಾಯಿ ‘ಸುಣೆ’. ನನಗಿದು ಚೆನ್ನಾಗಿ ಗೊತ್ತಿತ್ತು, ನಮ್ಮ ಮನೆಮಾತೂ ಕೊಂಕಣಿಯೇ. ಆದರೆ ಕನ್ನಡ ಶಾಲೆಯ ಮಾಸ್ತರನಾದ ಮೇಲೆ ಅಚ್ಚಗನ್ನಡಿಗನಾಗಿ ಕಾಣುವ ಚಪಲ ನೋಡಿ! ಮೀನು ಚೌಕಾಸಿ ಮಾಡುವಾಗ ನನಗೆ ಸೊಗಸಾದ ಕೊಂಕಣಿ ಬರುತ್ತಿತ್ತು. ಆ ಹುಡುಗಿಯ ಚೀಟಿ ಕಿತ್ತು “ತಪ್ಪು” ಎನ್ನುವಾಗ ಬರುತ್ತಿರಲಿಲ್ಲ.

ವರ್ಷದ ಕೊನೆಗೆ ಧಾರವಾಡ ಕಡೆಯ ಇನ್ಸ್‌ಪೆಕ್ಟರ್ ಸಾಹೇಬರು ಪರೀಕ್ಷೆಗೆ ಬಂದರು. ಶೇವಂತಿ ಆಗಲೇ ಒಮ್ಮೆ ಬಿಗರಿಯಲ್ಲಿ ಉಳಿದವಳು. ಇನ್ನೊಮ್ಮೆ ಉಳಿದರೆ ಶಾಲೆ ಬಿಡಿಸುತ್ತೇನೆಂದು ಅವಳಪ್ಪ ಹೇಳಿದ್ದ. ಸಾಹೇಬರ ಮುಂದೆ ಚೀಟಿ ಅಂಟಿಸುವ ಸರದಿ ಬಂದಾಗ ಅವಳು ಶಾಲೆಯ ಬೆಕ್ಕನ್ನು ಅವುಚಿ ಹಿಡಿದು ಅದರ ಹಣೆಗೆ ‘ಮ’ ಅಂಟಿಸಿದಳು.

“ಬೆಕ್ಕಿಗೆ ‘ಮ’ ಯಾಕವಾ?” ಎಂದರು ಸಾಹೇಬರು.

“ಮಾಜರ.”

“ಹಂಗಂದ್ರೇನ್ರೀ ಮಾಸ್ತರ?”

ಬೆಕ್ಕು ಎಂದಿದ್ದರೆ ಮುಗಿಯುತ್ತಿತ್ತು. “ಗೊತ್ತಿಲ್ಲ ಸಾಹೇಬ್ರೆ” ಎಂದೆ.

ಶೇವಂತಿ ನನ್ನತ್ತ ತಿರುಗಿದಳು. “ಮಾಸ್ತರ್, ತುಮಕಾ ಕೊಂಕಣಿ ಯೇನಾ?” ನಿಮಗೆ ಕೊಂಕಣಿ ಬರುವುದಿಲ್ಲವೇ ಎಂದು ಕೇಳುತ್ತಿದ್ದಾಳೆ.

ಗಾಬರಿಯಲ್ಲಿ “ಯೇನಾ” ಎಂದುಬಿಟ್ಟೆ. ಬರುವುದಿಲ್ಲ ಎಂದು, ಕೊಂಕಣಿಯಲ್ಲೇ!

ಹುಡುಗಿ ಚೀಟಿಗಳ ರಾಶಿ ಕೆದಕಿ, ಒಂದನ್ನು ಗಂಜಿಯಲ್ಲಿ ಅದ್ದಿ, ನನ್ನ ಕೋಟಿನ ಮೇಲೆ ಪಟ್ಟೆಂದು ಬಡಿದಳು. ‘ಕ’.

“ಇದೇನವಾ?”

“ಕತ್ತೆ.”

ಸಾಹೇಬರು ಕುಡಿಯುತ್ತಿದ್ದ ಚಹಾ ಮೂಗಿನಿಂದ ಬಂತು. “ಹುಡುಗಿಗೆ ಕನ್ನಡ ಛಲೋ ಬರತೈತಲ್ರೀ! ಮಾಸ್ತರ, ಉತ್ತರ ಬರೋಬ್ಬರಿ ಐತಿಲ್ಲೊ?”

“ಬರೋಬ್ಬರಿ ಸಾಹೇಬ್ರೆ.”

ಶೇವಂತಿ ಪಾಸಾದಳು. ಪಾಸು ಮಾಡಿದ್ದು ನಾನಲ್ಲ, ಅವಳ ಸಿಟ್ಟು. ನಾನು ಬುದ್ಧಿ ಕಲಿತೆನೆಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ಆ ವೇಷ ನನಗೆ ಎಷ್ಟು ಅಂಟಿತ್ತೆಂದರೆ, ಮುಂದೆ ನನ್ನ ಮಕ್ಕಳೊಡನೆಯೂ ಮನೆಯಲ್ಲಿ ಕನ್ನಡವನ್ನೇ ಆಡಿದೆ. ಅವರಿಗೆ ತಮ್ಮ ಮಕ್ಕಳೊಡನೆ ಆಡಲು ಕೊಂಕಣಿ ಉಳಿದಿರಲಿಲ್ಲ.

ಇಷ್ಟು ಬರೆದು ಎದ್ದವನು ಮರಿಮಗಳನ್ನು ಕರೆದೆ. “ಜೇವೂಕ ಯೋ ಗೋ.”

“ಹಾಂಗಂದ್ರೆ ಎಂಥ ಅಜ್ಜ?”

“ಊಟಕ್ಕೆ ಬಾ ಅಂತ.”

ಅವಳು ಆ ಮಾತನ್ನು ಬಾಯಲ್ಲಿ ತಿರುಗಿಸುತ್ತ ಒಳಗೆ ಓಡಿದಳು. ಅಡುಗೆಮನೆಯಿಂದ ತಾಯಿಯ ದನಿ ಕೇಳಿಸಿತು: “ಏನೇ ಅದು ಹೇಳೂದು ನೀನು?”

“ಅಷ್ಟೂ ಗೊತ್ತಿಲ್ವಾ ಆಯಿ ನಿಂಗೆ?”