ಅತ್ತೆಯ ಹಕಾರ

ಹಾಲಿನ ಸ್ವಭಾವ ಒಲೆಯ ಮುಂದೆ ನಿಂತ ಅನುಭವವಿರುವ ನಿಮಗೂ ಗೊತ್ತಿರುತ್ತದೆ. ನೋಡುತ್ತಿರುವಷ್ಟು ಹೊತ್ತೂ ಸಂಭಾವಿತನಂತೆ ಸುಮ್ಮನಿದ್ದು, ಕತ್ತು ಆ ಕಡೆ ತಿರುಗಿಸಿದೆವೋ ಇಲ್ಲವೋ, ಪಾತ್ರೆ ದಾಟಿ, ಉರಿ ಆರಿಸಿ, ಕಟ್ಟೆಯ ತುಂಬ ಹರಿದುಬಿಡುತ್ತದೆ. ಆದರೆ ಆ ದಿನ ಬೆಳಿಗ್ಗೆ ಮೈಸೂರಿನ ನಮ್ಮ ನಜರ್‌ಬಾದಿನ ಮನೆಯಲ್ಲಿ ಹಾಲು ಉಕ್ಕಿದ್ದು ಕಣ್ತಪ್ಪಿನಿಂದಲ್ಲ, ಉಚ್ಚಾರಣೆಯಿಂದ. ನಾನು ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದೆ. ಗ್ಯಾಸಿನ ಗುಬಟು ಮುಟ್ಟಲು ಇಂದಿಗೂ ಅಂಜುವ ನಮ್ಮ ಅತ್ತೆ ಒಲೆಯ ಪಕ್ಕದಲ್ಲೇ ಕಾವಲು ನಿಂತಿದ್ದರು. ಹಾಲು ಏಳುವುದನ್ನು ಕಣ್ಣಾರೆ ಕಂಡರು, ನನ್ನನ್ನು ಕೂಗಲು ಬಾಯಿಯನ್ನೂ ತೆರೆದರು, ಆದರೆ ನಾಲಿಗೆಯ ತುದಿಗೆ ಬಂದಿದ್ದ ‘ಆಲು’ ಎಂಬ ಮಾತನ್ನು ಅಲ್ಲೇ ತಡೆದು, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಉಸಿರು ಸರಿಯಾಗಿ ತಾಕುತ್ತಿದೆಯೇ ಎಂದು ನೋಡಿಕೊಂಡು, “ಹ... ಹಾ... ಹಾಲು” ಎಂದು ಶುದ್ಧವಾಗಿ ಉಚ್ಚರಿಸುವ ವೇಳೆಗೆ, ಉಚ್ಚರಿಸಲು ಪಾತ್ರೆಯಲ್ಲಿ ಹಾಲೇ ಉಳಿದಿರಲಿಲ್ಲ.

ಇದಕ್ಕೆಲ್ಲ ಕಾರಣ ರೇಡಿಯೊ. ರಾಷ್ಟ್ರಮಟ್ಟದ ಕೇಂದ್ರವೊಂದು ಒಂದಿಡೀ ದಿನ ಹಾಡಿಲ್ಲದೆ, ವಾದ್ಯವಿಲ್ಲದೆ, ಬರೀ ಮಾತನ್ನೇ ಬಿತ್ತರಿಸುತ್ತದಂತೆ. ದೇಶದ ಮೂಲೆಮೂಲೆಯ ಮಂದಿ ತಂತಮ್ಮ ಬದುಕಿನ ಬಗ್ಗೆ ಮಾತಾಡುತ್ತಾರಂತೆ. ಊರೂರು ಸುತ್ತುತ್ತ ಬಂದ ಧ್ವನಿಮುದ್ರಣದವರಿಗೆ, ಒಂದು ಕಾಲದಲ್ಲಿ ಈ ನಜರ್‌ಬಾದಿನ ಹಿತ್ತಲಿನಲ್ಲಿ ಹಸು ಕಟ್ಟಿ, ನಡೆದುಕೊಂಡೇ ದೂರದ ಒಂಟಿಕೊಪ್ಪಲಿನವರೆಗೆ ಹಾಲು ಹಾಕುತ್ತಿದ್ದ ನಮ್ಮ ಅತ್ತೆಯ ಸುಳಿವು ಯಾರು ಕೊಟ್ಟರೋ ಕಾಣೆ. “ಮುಂದಿನ ವಾರ ಬಂದು ರೆಕಾರ್ಡ್ ಮಾಡ್ಕೋತೀವಿ ಅಮ್ಮ” ಎಂದು ಹೇಳಿ ಹೋದರು. ಅಲ್ಲಿಂದ ನಮ್ಮ ಮನೆಗೆ ಹಕಾರದ ಶನಿ ಹಿಡಿಯಿತು.

ಅತ್ತೆಗೆ ಹಕಾರ ಬಾರದು. ಅವರ ಕಡೆಯ ಹಳ್ಳಿಯಲ್ಲಿ ಎಷ್ಟೋ ಮಂದಿಗೆ ಬಾರದು, ಅದರಿಂದ ಅಲ್ಲಿ ಯಾರಿಗೂ ಏನೂ ನಷ್ಟವಾಗಿಲ್ಲ. ಆದರೆ ಹಾಳು ವಿಧಿಯನ್ನು ನೋಡಿ: ಹಸು, ಹಾಲು, ಹುಲ್ಲು, ಹಿಂಡಿ, ಹಗ್ಗ, ಹಟ್ಟಿ ಎಂದು ಈ ಕಸುಬಿನಲ್ಲಿ ಮುಟ್ಟಿದ್ದೆಲ್ಲ ಹಕಾರವೇ! ಒಂಟಿಕೊಪ್ಪಲಿನ ಒಂದು ಮನೆಯ ಬಾಗಿಲಲ್ಲಿ ಅತ್ತೆ “ಆಲೂ... ಆಲು” ಎಂದು ಕೂಗಿದಾಗ, ಆ ಮನೆಯ ಮಕ್ಕಳು “ಅಮ್ಮಾ, ಆಲೂಗಡ್ಡೆಯವಳು ಬಂದ್ಲು!” ಎಂದು ಕುಣಿದರಂತೆ, ಅಮ್ಮನವರೂ ಸೆರಗು ಬಾಯಿಗಿಟ್ಟು ನಕ್ಕರಂತೆ. ಮರುದಿನದಿಂದ ಅತ್ತೆ ಕೂಗುವುದನ್ನೇ ಬಿಟ್ಟರು. ಕ್ಯಾನಿನ ಮುಚ್ಚಳ ಬಡಿಯುವುದು, ಹಾಲು ಅಳೆಯುವುದು, ಹೊರಟುಬರುವುದು. ಹಸು ಮಾರಿ ಎಷ್ಟೋ ಕಾಲವಾದರೂ ಮದುವೆಮನೆಯಲ್ಲಿ, ಆಸ್ಪತ್ರೆಯಲ್ಲಿ, ನಾಲ್ಕು ಜನ ಕೂತಲ್ಲಿ ಅತ್ತೆ ಈಗಲೂ ಬಾಯಿ ಬಿಡುವುದಿಲ್ಲ. ಅವರು ಮಿತಭಾಷಿ ಎಂದು ನೆಂಟರೆಲ್ಲ ಹೊಗಳುತ್ತಾರೆ. ಮನೆಯಲ್ಲಿ ಅವರ ಮಾತು ಕೇಳುವ ನನಗೆ ಆ ಹೊಗಳಿಕೆ ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಆ ಒಂಟಿಕೊಪ್ಪಲಿನ ಅಮ್ಮನವರು ಈಗಲೂ ಇದ್ದಾರೆ. ಅತ್ತೆ ನನ್ನ ಕೈಯಲ್ಲಿ ಅವರಿಗೇ ಮೊದಲು ಫೋನು ಮಾಡಿಸಿದರು. “ರೇಡಿಯಾದಲ್ಲಿ ನನ್ ಮಾತ್ ಬತ್ತದೆ ಅಮ್ಮಾವ್ರೇ, ತಪ್ಪದೆ ಕೇಳಿಸ್ಕಳಿ” ಎಂದರು. ದೇಶ ಕೇಳಲಿ ಬಿಡಲಿ, ಆ ಒಂದು ಮನೆಗೆ ‘ಹಾಲು’ ಎಂದು ಕೇಳಿಸಬೇಕು; ಅಷ್ಟೇ ಅವರ ಆಸೆ.

ಅಭ್ಯಾಸವೋ ಅಭ್ಯಾಸ! ಆದರೆ ಹಕಾರ ಒಮ್ಮೆ ಮನೆ ಹೊಕ್ಕ ಮೇಲೆ ಕರೆದ ಕಡೆ ಮಾತ್ರ ಕೂರುತ್ತದೆಯೇ? “ಹಕ್ಕಿ ತೊಳ್ದು ಹಲ್ಲಿ ಮಡಗಿವ್ನಿ ಕಣವ್ವ” ಎಂದರು ಒಂದು ಮಧ್ಯಾಹ್ನ. ತೊಳೆದ ಅಕ್ಕಿ ಹಕ್ಕಿಯಾಗಿ ಹಾರಿತ್ತು, ‘ಅಲ್ಲಿ’ ಹಲ್ಲಿಯಾಗಿ ಗೋಡೆ ಹತ್ತಿತ್ತು. ಆದರೂ ರೆಕಾರ್ಡಿಂಗಿನ ದಿನ ಅತ್ತೆ ಗೆದ್ದರು. ಅಂಗೈ ಅಡ್ಡ ಹಿಡಿದು, ಒಂದೊಂದು ಪದವನ್ನೂ ಮುತ್ತಿನಂತೆ ಪೋಣಿಸಿ, ಹಸುವನ್ನು ಹಸುವೆಂದೂ ಹುಲ್ಲನ್ನು ಹುಲ್ಲೆಂದೂ ಹೇಳಿ ಮುಗಿಸಿದರು. ಬೆವರು ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದಾಗ ನನಗೆ ಕಣ್ಣು ತುಂಬಿ ಬಂತು.

ಬಿತ್ತರದ ದಿನ ಬಂತು. ಹೊತ್ತು ಮಾತ್ರ ಗೊತ್ತಿಲ್ಲ. “ಯಾವಾಗಾದ್ರೂ ಬರುತ್ತೆ, ಕೇಳ್ತಾ ಇರಿ” ಎಂದಿದ್ದರು ಪುಣ್ಯಾತ್ಮರು. ಯಜಮಾನರು ನನ್ನ ಮೊಬೈಲಿಗೆ ಆ ಕೇಂದ್ರ ಹಾಕಿಕೊಟ್ಟು, ಸದ್ದು ದೊಡ್ಡದಾಗಲೆಂದು ಸ್ಟೀಲಿನ ಲೋಟದೊಳಗೆ ನಿಲ್ಲಿಸಿ, “ನೀವಿಬ್ರೂ ಕೇಳ್ಕೊಳಿ” ಎಂದು ಅಂಗಡಿಗೆ ಪರಾರಿಯಾದರು. ಮೊದಲೇ ಹೇಳಿದ ಹಾಲು ಉಕ್ಕಿದ್ದೂ ಆ ಬೆಳಿಗ್ಗೆಯೇ; ರೆಕಾರ್ಡಿಂಗ್ ಮುಗಿದಿದ್ದರೂ ಅತ್ತೆಯ ಅಂಗೈ ಆ ಚಾಳಿ ಬಿಟ್ಟಿರಲಿಲ್ಲ. ಅಲ್ಲಿಂದ ಆ ಲೋಟ ಮಾತಾಡಿತು ನೋಡಿ, ಶಿವ ಶಿವಾ! ಬೆನ್ನುನೋವಿನ ಬಗ್ಗೆ ಒಬ್ಬ, ನೀರು ಉಳಿಸುವ ಬಗ್ಗೆ ಇನ್ನೊಬ್ಬ, ಬೆಟ್ಟ ಹತ್ತಿದವನೊಬ್ಬ, ಹತ್ತದೆಯೇ ಅದರ ಬಗ್ಗೆ ಚರ್ಚಿಸಿದವರು ಮೂವರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವುದು, ಒಪ್ಪಿದ್ದಕ್ಕೆ ಮೊದಲಿನವರು ವಂದಿಸುವುದು, ವಂದಿಸಿದ್ದನ್ನು ನಿರೂಪಕಿ ಮತ್ತೆ ವಿವರಿಸುವುದು. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಆ ಕೇಂದ್ರಕ್ಕೆ ತಲುಪಿದಂತಿಲ್ಲ. ಎಲ್ಲವೂ ಹಿಂದಿಯಲ್ಲಿ; ಅಷ್ಟು ಹಿಂದಿ ನನಗೇ ಅರ್ಧಂಬರ್ಧ. ಅತ್ತೆಗೆ ಒಂದಕ್ಷರವೂ ತಿಳಿಯದು. ಆದರೂ ತಮ್ಮ ಸರದಿ ತಪ್ಪೀತೆಂಬ ಭಯಕ್ಕೆ ಊಟಕ್ಕೂ ಏಳದೆ ಲೋಟದ ಮುಂದೆ ಕೂತೇ ಇದ್ದರು. ಮಾತಾಡಲು ಹೆದರುವವರನ್ನು ಕೂರಿಸಿಕೊಂಡು, ಮಾತಿಗೆ ಹೆದರದವರು ದಿನವಿಡೀ ಮಾತಾಡಿದರು. ಲೋಟವನ್ನು ಬೀದಿಗೆ ಎಸೆಯುವಷ್ಟು ಸಿಟ್ಟು ನನಗೆ.

ಸಂಜೆ ಕಾಫಿಗೆ ಹಾಲಿಟ್ಟ ಹೊತ್ತಿನಲ್ಲಿ ‘ಮೈಸೂರು’ ಎಂಬ ಮಾತು ಕಿವಿಗೆ ಬಿತ್ತು. ಒಲೆ ಸಣ್ಣಗೆ ಮಾಡಿ ನಡುಮನೆಗೆ ಓಡಿ ಬಂದೆ. ಅತ್ತೆಯ ಧ್ವನಿ! ಆದರೆ ಬಂದದ್ದು ಮಾತು ಶುರುವಾಗುವ ಮೊದಲು ಅವರು ರೆಕಾರ್ಡಿಂಗಿನವರನ್ನು ಕೇಳಿದ ಮಾತು: “ಎಂಗೆ, ಸುರು ಮಾಡ್ಲಾ?” ಅದಾದ ಮೇಲೆ ಅವರ ಧ್ವನಿ ತಗ್ಗಿ, ಅದರ ಮೇಲೆ ಒಬ್ಬ ಹೆಂಗಸು ಹಿಂದಿಯಲ್ಲಿ ಅನುವಾದಕ್ಕೆ ಕೂತಳು. ಅತ್ತೆಯ ಹಸು, ಹಾಲು, ಹುಲ್ಲು ಎಲ್ಲ ಆ ಹಿಂದಿಯ ಅಡಿಯಲ್ಲಿ ಗೊಣಗುಟ್ಟುತ್ತ ಮುಳುಗಿಹೋದವು. ಅಂಗೈ ಸವೆಸಿ ಕಲಿತ ಒಂದು ಹಕಾರವೂ ಹೊರಗೆ ಕೇಳಿಸಲಿಲ್ಲ. ದೇಶಕ್ಕೆಲ್ಲ ಕೇಳಿಸಿದ್ದು ಆ ‘ಎಂಗೆ’ ಒಂದೇ.

“ಇವರ ಮನೆ ಹಾಳಾಗ! ಈಗ್ಲೇ ಫೋನ್ ಮಾಡಿ ಉಗೀತೀನಿ ಅತ್ತೆ” ಎಂದು ನಾನು ಕುದಿಯುತ್ತಿದ್ದೆ. ಅತ್ತೆ ಕೈಯೆತ್ತಿ ಸುಮ್ಮನಿರೆಂದರು. ಲೋಟಕ್ಕೆ ಕಿವಿಗೊಟ್ಟು ಆ ಹೆಂಗಸಿನ ‘ಹೈ’, ‘ಹೂಂ’, ‘ಹಮಾರಾ’, ‘ಹೋತಾ ಹೈ’ಗಳನ್ನೆಲ್ಲ ಕೊನೆಯವರೆಗೆ ಕೇಳಿದರು. ಆಮೇಲೆ ನಿಧಾನವಾಗಿ ಹೇಳಿದರು: “ಇಷ್ಟ್ ಕಾಲ ನಾನ್ ಬುಟ್ಟಿದ್ ‘ಹ’ನೆಲ್ಲಾ ಆ ಯಮ್ಮ ಆಯ್ಕಂಡ್ಬುಟ್ಟವ್ಳೆ ನೋಡವ್ವ.”

ನಾನು ಅವರ ಪಕ್ಕದಲ್ಲೇ ಕೂತೆ. ಅಲ್ಲ ಕಣ್ರೀ, ಈ ಹಕಾರ ಎಂದರೆ ತಾನೇ ಏನು? ಒಂದು ಅಕ್ಷರದ ಹಿಂದೆ ನೂಕುವ ಒಂದಿಷ್ಟು ಉಸಿರು. ತಲೆಯ ಮೇಲೆ ಹಾಲಿನ ಕ್ಯಾನು ಹೊತ್ತು ನಜರ್‌ಬಾದಿನಿಂದ ಒಂಟಿಕೊಪ್ಪಲಿಗೆ ನಡೆದು ಏದುಸಿರು ಬಿಡುತ್ತಿದ್ದ ಹೆಂಗಸು, ಅಕ್ಷರಕ್ಕೆಂದು ಬೇರೆ ಉಸಿರು ಎಲ್ಲಿಂದ ತರಬೇಕಿತ್ತು? ಜಗುಲಿಯ ಮೇಲೆ ಕೂತು ಕಾಫಿಗೆ ಕಾಯುತ್ತಿದ್ದವರಲ್ಲಿ ಉಸಿರು ಧಾರಾಳವಾಗಿತ್ತು, ಹಕಾರವೂ ಇತ್ತು.

ಅಷ್ಟರಲ್ಲಿ ಲೋಟದೊಳಗಿನ ಫೋನು ಬಡಿದುಕೊಂಡಿತು. ಒಂಟಿಕೊಪ್ಪಲಿನ ಅಮ್ಮನವರು! ಅತ್ತೆಯ ಮುಖ ಸಣ್ಣಗಾಯಿತು. ನಾನು ಸ್ಪೀಕರು ಒತ್ತಿದೆ.

“ಕೇಳ್ದೆ ಕಣಮ್ಮ. ಆ ಹಿಂದಿಯೋಳು ಏನಂದ್ಲೋ ಒಂದೂ ತಿಳೀಲಿಲ್ಲ” ಎಂದಿತು ಸಣ್ಣಗೆ ನಡುಗುವ ಧ್ವನಿ. “ಆದ್ರೆ ‘ಎಂಗೆ’ ಅಂದ್ಯಲ್ಲ, ತಕ್ಷಣ ನೀನೇ ಅಂತ ಗೊತ್ತಾಯ್ತು. ಒಂದಿನ ಇದ್ದಕ್ಕಿದ್ದಂಗೆ ಕೂಗೋದೇ ನಿಲ್ಲಿಸಿಬಿಟ್ಟೆ. ಮುಚ್ಚಳದ ಸದ್ದು ಒಳಗೆ ಕೇಳದೆ ಎಷ್ಟು ಸಲ ಕಾಫಿ ತಡ ಆಗಿದೆ ಗೊತ್ತಾ? ಯಾಕೆ ನಿಲ್ಲಿಸ್ದೆ?”

ನೆನಪೇ ಇಲ್ಲ ಅವರಿಗೆ! ನನ್ನ ಬಾಯಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅತ್ತೆ ಫೋನಿನತ್ತ ಬಾಗಿದರು. ಏನು ಹೇಳುತ್ತಿದ್ದರೋ, ಆಗಲೇ ಅವರ ಕಣ್ಣು ಅಡುಗೆಮನೆಯತ್ತ ಹೊರಳಿತು. ಅಂಗೈ ಬಾಯಿಯ ಹತ್ತಿರಕ್ಕೂ ಬರಲಿಲ್ಲ.

“ಆಲೂ! ಆಲು ಉಕ್ತಾ ಅದೆ, ಓಡವ್ವೋ!”

ಹಿತ್ತಲು ದಾಟಿ ಬೀದಿಗೂ ಕೇಳುವಂಥ ಕೂಗು ಅದು; ಫೋನಿನ ಆಚೆ ತುದಿಗಂತೂ ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ. ನಾನು ಓಡಿ ಹೋಗಿ ಒಲೆ ಆರಿಸಿದೆ. ಪಾತ್ರೆಯ ಅಂಚಿನವರೆಗೆ ಬಂದಿದ್ದ ಹಾಲು ಸದ್ದಿಲ್ಲದೆ ಕೆಳಗಿಳಿಯಿತು.