ಬನ್ನಿ ಕೊಟ್ಟು ರಸ್ತೆ ತಡೆದ ನಾಜಲ್ ಕೊಟ್ರಪ್ಪ

ನಾಜಲ್ ಕೊಟ್ರಪ್ಪನ ಬಲಗಿವಿಯ ಮುಂದೆ ನಾಲ್ಕಾಣೆಯಷ್ಟು ಅಗಲದ ಒಂದು ಕರಿ ಕಲೆ ಇತ್ತು. ಮಚ್ಚೆಯಲ್ಲ, ಮಸಿ. ಯಾವ ಎಂಜಿನ್ನು ಬಂದರೂ ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. ಒಳಗೆ ಯಾವ ಸಿಲಿಂಡರು ತಪ್ಪು ಹೊಡೆಯುತ್ತಿದೆ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತಿತ್ತು. ಮೂವತ್ತೈದು ವರ್ಷ ಹೀಗೆ ಮಾಡಿ ಮಾಡಿ ಹಿಡಿಯ ಗ್ರೀಸು ಚರ್ಮದೊಳಗೆ ಇಳಿದುಬಿಟ್ಟಿತ್ತು. ಮಗನ ಮದುವೆಯ ಫೋಟೋದಲ್ಲೂ ಅದು ಕಾಣುತ್ತದೆ.

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯಲ್ಲಿ ಅವರ ಶೆಡ್ಡಿಗೂ ನಮ್ಮ ತವರುಮನೆಗೂ ಒಂದೇ ಗೋಡೆ. ನಾನು ಓದಿದ್ದು, ಪರೀಕ್ಷೆ ಬರೆದಿದ್ದು, ಮದುವೆಯಾಗಿ ಎರಡು ಓಣಿ ಆಚೆ ಹೋಗಿದ್ದು ಎಲ್ಲ ಆ ಎಂಜಿನ್ನುಗಳ ಗದ್ದಲದಲ್ಲೇ. ಡೀಸೆಲ್ ಎಂಜಿನ್ನಿನೊಳಗೆ ಎಣ್ಣೆ ಚಿಮ್ಮಿಸುವ ನಾಜಲ್ಲನ್ನು ಅವರಷ್ಟು ನಯವಾಗಿ ಕೂರಿಸುವವರು ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾರೂ ಇರಲಿಲ್ಲ. ಹೊಗೆ ನೋಡಿ ರೋಗ ಹೇಳುವುದನ್ನು ನನಗೂ ಕಲಿಸಿದ್ದರು.

“ಮನಷ್ಯಾ ಸುಳ್ಳು ಹೇಳ್ತಾನ ಯವ್ವಾ, ಹೊಗಿ ಹೇಳಂಗಿಲ್ಲ. ನೀಲಿ ಬಂತಂದ್ರ ಆಯಿಲ್ ಉರಿಯಾಕ ಹತ್ತೈತಿ. ಬಿಳೀದು ಬಂತಂದ್ರ ಡೀಸೆಲ್ ಸರಿಯಾಗಿ ಉರೀವಲ್ದು. ಕರೀದು ಬಂತಂದ್ರ ಅದಕ್ಕ ಉಸಿರು ಸಾಲವಲ್ದು, ತಿಳ್ಕೊ.”

ಮುಂದೆ ನಾನು ಊರಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆದೆ. “ನೀನು ರಕ್ತ ನೋಡಿ ಹೇಳ್ತಿ, ನಾನು ಹೊಗಿ ನೋಡಿ ಹೇಳ್ತೀನಿ. ಇಬ್ಬರದೂ ಒಂದ ದಂಧಿ” ಎನ್ನುತ್ತಿದ್ದರು ಕೊಟ್ರಪ್ಪ ಕಾಕಾ.

ಅವರ ದಿನಚರಿಯಲ್ಲಿ ತಪ್ಪದೇ ಇದ್ದದ್ದು ಶಾಂತಮ್ಮನ ಮಿರ್ಚಿ ಮಂಡಕ್ಕಿ. ಶೆಡ್ಡಿನ ಎದುರು ಬೇವಿನ ಮರದ ಕೆಳಗೆ ಆಕೆಯ ಬಂಡಿ. ಇಪ್ಪತ್ತು ವರ್ಷ ಎಣ್ಣೆಯ ಹೊಗೆ ಕುಡಿದು ಆಕೆಗೆ ಗೂರಲು ಹತ್ತಿ ಉಸಿರು ಕಟ್ಟುತ್ತಿತ್ತು, ಆದರೂ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಒಂದು ಸಂಜೆ ಮಿರ್ಚಿ ಕಟ್ಟಿಕೊಟ್ಟ ಪೇಪರಿನಲ್ಲಿ ಭೂಮಿ ಕಾಯುತ್ತಿರುವ ಬಗ್ಗೆ, ಅದಕ್ಕೆ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲಿನ ಹೊಗೆಯೇ ಕಾರಣ ಎಂಬ ಬಗ್ಗೆ ಏನೋ ಬಂದಿತ್ತು. ಕಾಕಾ ಎಣ್ಣೆಯ ಕಲೆಗಳ ನಡುವೆ ಅಕ್ಷರ ಹುಡುಕಿ ಗಟ್ಟಿಯಾಗಿ ಓದಿದರು. ಅವರಿಗೆ ಅದು ಹೊಸದಾಗಿ ಕಾಣಲಿಲ್ಲ. ಮೊದಲೆಲ್ಲ ಯುಗಾದಿ ಕಳೆದ ಮೇಲೆ ಟ್ರ್ಯಾಕ್ಟರುಗಳ ರೇಡಿಯೇಟರುಗಳು ಕುದಿಯುತ್ತಿದ್ದವು, ಈಗ ಶಿವರಾತ್ರಿಗೆ ಮುಂಚೆಯೇ ಕುದಿಯುತ್ತವೆ ಎಂದು ಅವರು ನಾಲ್ಕೈದು ವರ್ಷಗಳಿಂದ ಹೇಳುತ್ತಲೇ ಇದ್ದರು.

ಶಾಂತಮ್ಮ ಕೇಳಿಸಿಕೊಂಡು, ತೂತಿನ ಸೌಟಿನಿಂದ ಮಿರ್ಚಿಯ ಎಣ್ಣೆ ಬಸಿಯುತ್ತಾ ಅಂದಳು: “ಅಂದ್ರ ಹುಟ್ಟಿದಾಗಿಂದ ನೀನು ಮಾಡಿದ್ದು ಬೆಂಕಿಗೆ ಎಣ್ಣಿ ಹಾಕೋ ಕೆಲಸಾನ ಅಂದಂಗಾತು.”

ಆಕೆ ನಗೆಗೆ ಅಂದಿದ್ದು. ಕಾಕಾ ಮಂಡಕ್ಕಿ ಅರ್ಧಕ್ಕೆ ಬಿಟ್ಟು ಎದ್ದುಹೋದರು.

ಆ ವರ್ಷ ಆಯುಧ ಪೂಜೆಯ ದಿನ ಶೆಡ್ಡಿನಲ್ಲಿ ಎಂದಿನಂತೆ ಪಾನಾ, ಸ್ಕ್ರೂಡ್ರೈವರುಗಳಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಆಮೇಲೆ ಎಲ್ಲವನ್ನೂ ಒಂದು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರು. “ಇನ್ನ ನಾ ಡೀಸೆಲ್ ಎಂಜಿನ್ ಮುಟ್ಟಂಗಿಲ್ಲ. ಬಸವಣ್ಣನ ಆಣಿ” ಎಂದರು. ಸೊಸೆ ಅತ್ತಳು. ಮೆಕ್ಕೆಜೋಳದ ರಾಶಿ ಮಷೀನು ಇಟ್ಟುಕೊಂಡಿದ್ದ ನನ್ನ ಗಂಡ ಸಿಟ್ಟಿಗೆದ್ದ: “ಮುದುಕಗ ತಲಿ ಕೆಟ್ಟೈತಿ. ಸುಗ್ಗಿಯಾಗ ಮಷೀನ್ ಕೆಟ್ರ ಹರಪನಹಳ್ಳಿಗೆ ಎಳ್ಕೊಂಡು ಹೋಗ್ಬೇಕೇನು?” ನನಗೂ ಇದೊಂದು ಹುಚ್ಚು ಅನ್ನಿಸಿತ್ತು. ಸುಳ್ಳು ಯಾಕೆ ಹೇಳಲಿ.

ಮರುದಿನ ಬನ್ನಿ ಮುಡಿಯುವ ಹಬ್ಬ. ಇಳಿಹೊತ್ತಿಗೆ ಕಾಕಾ ಬಿಳಿ ಅಂಗಿ ತೊಟ್ಟು, ಒಂದು ಬುಟ್ಟಿ ತುಂಬ ಬನ್ನಿ ಎಲೆ ಹಿಡಿದು ರಸ್ತೆಯ ನಟ್ಟನಡುವೆ ನಿಂತರು. ಜೊತೆಗೆ ಇಬ್ಬರು ನಿವೃತ್ತ ಮಾಸ್ತರರು, ಕಾಲೇಜಿನ ಐದಾರು ಹುಡುಗಿಯರು. ಚೆಂಡು ಹೂವಿನ ಹಾರ ಹಾಕಿಕೊಂಡು ಮೆಕ್ಕೆಜೋಳದ ಲಾರಿಯೊಂದು ಬಂತು. ಕಾಕಾ ಬನ್ನಿ ಚಾಚಿದರು. ಹಿರಿಯರು ಬನ್ನಿ ಕೊಡುವಾಗ ಸೀಟಿನ ಮೇಲೆ ಕೂತು ತೆಗೆದುಕೊಳ್ಳುವುದು ನಮ್ಮಲ್ಲಿಲ್ಲ. ಡ್ರೈವರು ಎಂಜಿನ್ ಬಂದ್ ಮಾಡಿ, ಇಳಿದು, ಚಪ್ಪಲಿ ಬಿಟ್ಟು, ಬನ್ನಿ ತೆಗೆದುಕೊಂಡು ಕಾಲಿಗೆರಗಿದ. “ಬನ್ನಿ ತಗೊಂಡು ಬಂಗಾರದಂಗ ಇರೋಣಪ್ಪ. ಒಂದು ತಾಸು ಗಾಡಿ ಬಂದ್ ಇರ್ಲಿ, ಕುಂದ್ರು, ಮಂಡಕ್ಕಿ ತಿನ್ನು” ಎಂದರು. ಹಿಂದಿನ ಟೆಂಪೋದವನೂ ಇಳಿದ, ಬಸ್ಸಿನವನೂ ಇಳಿದ. ವೈರಿ ಬಂದರೂ ಬನ್ನಿ ಕೊಟ್ಟು ತಬ್ಬಿಕೊಳ್ಳಬೇಕಾದ ದಿನ ಜಗಳ ತೆಗೆಯುವುದು ಹೇಗೆ? ರಸ್ತೆ ಬಿಡಿಸಲು ಬಂದ ಪೊಲೀಸ್ ಸಾಹೇಬರ ಕೈಗೂ ಎಲೆ ಬಿತ್ತು, ಅವರೂ ಬಾಗಿ ಕಾಲು ಮುಟ್ಟಿದರು.

“ಏನ್ರೀ ಯಜಮಾನ್ರ, ಇದು ಹಬ್ಬನೋ, ರಸ್ತೆ ತಡಿಯೋದೋ?”

“ಎರಡೂರಿ ಸಾಹೇಬ್ರ. ವರ್ಷಕ್ಕ ಒಂದು ತಾಸು ಈ ಹೊಗಿ ನಿಂತ್ರ ಅದ ನನ್ನ ಹಬ್ಬ.”

ಅವತ್ತು ಉದ್ದನೆಯ ಟ್ರೇಲರ್ ಓಡಿಸುವ ಒಬ್ಬ ಡ್ರೈವರು ಮಂಡಕ್ಕಿ ಮೆಲ್ಲುತ್ತಾ ಕೇಳಿದ್ದು ನೆನಪಿದೆ. “ಯಜಮಾನ್ರ, ಗುಡ್ಡದ ಮ್ಯಾಲೆ ಗಾಳಿ ಫ್ಯಾನ್ ತಿರುಗತಾವಲ್ಲ, ಅವುಗಳ ರೆಕ್ಕಿ ತಂದಿದ್ದು ನಾನ. ಇದ ಡೀಸೆಲ್ ಸುಟ್ಟು ತಂದೀನಿ. ನಾಳಿಂದ ಏನು ಸುಟ್ಟು ತರ್ಲಿ, ನೀವ ಹೇಳ್ರಿ.”

ಕಾಕಾ ಗುಡ್ಡದ ಕಡೆ ತಿರುಗಿದರು. “ಗೊತ್ತಿಲ್ಲಪ್ಪ. ಗೊತ್ತಿದ್ರ ಈ ವಯಸ್ಸಿನಾಗ ರಸ್ತೆದಾಗ ಯಾಕ ನಿಂದರ್ತಿದ್ದೆ?”

ಊರು ಒಂದು ವಾರ ನಕ್ಕಿತು. ಶಾಂತಮ್ಮ ಮಾತ್ರ “ನಮ್ಮ ಕೊಟ್ರಪ್ಪ ಪೊಲೀಸ್ನ ಕೈಲಿ ಕಾಲು ಮುಟ್ಟಿಸ್ಕೊಂಡ” ಎಂದು ಗಿರಾಕಿಗಳಿಗೆಲ್ಲ ಹೇಳಿ ಹಿಗ್ಗಿದಳು. ಕಾಕಾ ಸೈಕಲ್ಲು, ಔಷಧಿ ಹೊಡೆಯುವ ಬ್ಯಾಟರಿ ಪಂಪು ರಿಪೇರಿ ಮಾಡಿಕೊಂಡು ಉಳಿದರು. ಕಿವಿಯ ಮುಂದಿನ ಕಲೆ ನಿಧಾನಕ್ಕೆ ತಿಳಿಯಾಗತೊಡಗಿತು.

ಮರುವರ್ಷ ದಸರೆಗೆ ಎರಡು ದಿನ ಎಡೆಬಿಡದೆ ಗಾಳಿ ಮಳೆ. ಕಂಬಗಳು ಬಿದ್ದು ಕರೆಂಟು ಹೋಯಿತು. ಆಸ್ಪತ್ರೆಯ ಹಿತ್ತಲಲ್ಲಿ ಜನರೇಟರು ಹಿಂದಿನ ದಿನದಿಂದ ಓಡುತ್ತಲೇ ಇತ್ತು. ಬನ್ನಿ ಹಬ್ಬದ ಬೆಳಿಗ್ಗೆ ತಂಬ್ರಹಳ್ಳಿಯ ಮಗಳ ಮನೆಯಿಂದ ಶಾಂತಮ್ಮನನ್ನು ನೇರ ನಮ್ಮಲ್ಲಿಗೆ ತಂದರು. ತುಟಿ ನೀಲಿಗಟ್ಟಿತ್ತು. ಆಕ್ಸಿಜನ್ ಮಷೀನು ಹಚ್ಚಿದ ಮೇಲೆ ಕಣ್ಣು ಬಿಟ್ಟಳು, ನನ್ನ ಗುರುತು ಹಿಡಿದಳು. ಮಷೀನು ನಡೆಯುವುದು ಕರೆಂಟಿನಿಂದ, ಕರೆಂಟು ಬರುವುದು ಜನರೇಟರಿನಿಂದ, ಜನರೇಟರಿನ ಡೀಸೆಲ್ಲು ಇಳಿಹೊತ್ತಿಗೆ ತಳ ಕಂಡಿತ್ತು. ಹಬ್ಬದ ರಜೆಯೆಂದು ಹೊಸ ಸಿಲಿಂಡರುಗಳೂ ಬಂದಿರಲಿಲ್ಲ, ಒಂದೇ ಒಂದು ಅರ್ಧ ಸಿಲಿಂಡರು ಉಳಿದಿತ್ತು. ಕಾಂಪೌಂಡರ್ ಮಲ್ಲಣ್ಣನನ್ನು ಎರಡು ಕ್ಯಾನು ಕೊಟ್ಟು ಹರಪನಹಳ್ಳಿ ರಸ್ತೆಯ ಬಂಕಿಗೆ ಕಳಿಸಿದವಳು ನಾನೇ. ಲಗೂ ಬಾ ಅಂದೆ. ಅಷ್ಟೇ ಅಂದೆ.

ಅವನು ಡೀಸೆಲ್ ತುಂಬಿಸಿಕೊಂಡು ವಾಪಸು ಬರುವಾಗ ಮಳೆ ನಿಂತು ಕಾಕಾನ ಬುಟ್ಟಿ ರಸ್ತೆಗೆ ಇಳಿದಿತ್ತು. ಮಲ್ಲಣ್ಣ ಬೈಕು ನಿಲ್ಲಿಸಿ, ಚಪ್ಪಲಿ ಬಿಟ್ಟು, ಬನ್ನಿ ತೆಗೆದುಕೊಂಡ. ಕಾಕಾ ಕ್ಯಾನು ನೋಡಿ ನಕ್ಕು, “ಇವತ್ತೂ ಡೀಸೆಲ್ಲೇನೋ? ಕುಂದ್ರು” ಎಂದರಂತೆ. “ಸ್ವಲ್ಪ ಅರ್ಜೆಂಟ್ ಐತ್ರಿ, ಆಸ್ಪತ್ರೀದು” ಎಂದನಂತೆ ಇವನು. “ಎಲ್ಲಾರೂ ಹಂಗ ಅಂತಾರ” ಎಂದು ಅವರು ಅವನ ಹೆಗಲು ಹಿಡಿದು ಕೂರಿಸಿದರಂತೆ. ಅವನ ಫೋನು ಚಾರ್ಜಿಲ್ಲದೆ ಸತ್ತಿತ್ತು. ಮಲ್ಲಣ್ಣ ಪೂರ್ತಿ ಒಂದು ತಾಸು ಕೂತ.

ಜನರೇಟರು ಎರಡು ಸಲ ಕೆಮ್ಮಿ ನಿಂತಾಗ ನಾನು ಶಾಂತಮ್ಮನ ಪಕ್ಕದಲ್ಲಿದ್ದೆ. ಅರ್ಧ ಸಿಲಿಂಡರು ಹಚ್ಚಿದೆವು, ಅದೂ ಮುಗಿಯಿತು. ಆಮೇಲೆ ಕೈಯಿಂದ ರಬ್ಬರು ಚೀಲ ಒತ್ತಿ ಉಸಿರು ಕೊಡುತ್ತಾ ಬಾಗಿಲ ಕಡೆ ನೋಡುತ್ತಾ ಕೂತೆವು. ಮಲ್ಲಣ್ಣ ಬಂದಾಗ ಡಾಕ್ಟರು ಆಕೆಯ ಕಣ್ಣು ಮುಚ್ಚುತ್ತಿದ್ದರು. ಅವನ ಅಂಗಿಯ ಜೇಬಿನಲ್ಲಿ ಬನ್ನಿಯ ಎಲೆಗಳು ಇಣುಕುತ್ತಿದ್ದವು. ನಾನು ಎಲ್ಲರ ಎದುರೇ ಅವನ ಕೊರಳಪಟ್ಟಿ ಹಿಡಿದೆ. ಹೆಣ್ಣೊಬ್ಬಳ ಜೀವ ಹೋಗ್ತೈತಿ ಅಂತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ ಎಂದು ಕೇಳಿದೆ.

“ಹಬ್ಬದ ದಿನ, ಕೈಯಾಗ ಬನ್ನಿ ಹಿಡಕೊಂಡು, ಹಿರೇರ ಮುಂದ ಸಾಯೋ ಮಾತು ಹೆಂಗ ಆಡ್ಲಿ ಮೇಡಂ?”

ಕೊರಳಪಟ್ಟಿ ಬಿಟ್ಟೆ. ಅವನ ಜಾಗದಲ್ಲಿ ನಾನಿದ್ದರೂ ಆ ಮಾತು ಬಾಯಿಂದ ಬರುತ್ತಿರಲಿಲ್ಲ. ಹಂಗ ಬೆಳೆದವರು ನಾವು.

ಡಾಕ್ಟರು ಇವತ್ತಲ್ಲ ನಾಳೆ ಹೋಗುವ ಜೀವ ಅಂದರು. ಅದನ್ನೇ ನಾನು ಕಾಕಾಗೂ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಶಾಂತಮ್ಮನ ಮಣ್ಣಿಗೆ ಬಂದಾಗಲೂ ದೂರದಲ್ಲಿ ಒಬ್ಬರೇ ನಿಂತಿದ್ದರು. ಆಕೆಯ ದಿನವಾರದ ಕರ್ಮ ಮುಗಿದ ಮೇಲಿನ ಶುಕ್ರವಾರ ಆಸ್ಪತ್ರೆಯ ಹಿತ್ತಲಲ್ಲಿ ಏನೋ ಸಪ್ಪಳ. ಹೋಗಿ ನೋಡಿದರೆ ಕಾಕಾ. ಅಟ್ಟದ ಗೋಣಿಚೀಲ ಪಕ್ಕದಲ್ಲಿ ಬಿಚ್ಚಿತ್ತು. ಸ್ಕ್ರೂಡ್ರೈವರ್ ಕಿವಿಗೆ ಆನಿಸಿ ಕಣ್ಣು ಮುಚ್ಚಿದ್ದರು.

“ಆಣಿ ಮಾಡಿದ್ರಲ್ಲ ಕಾಕಾ” ಎಂದೆ. ಕೆಟ್ಟ ಮಾತು. ಆದರೆ ನನಗೆ ಅವರ ಮೇಲೆ ಸಿಟ್ಟಿತ್ತು.

“ಮಾಡಿದ್ದೆ. ಮುರದೀನಿ. ಡೀಸೆಲ್ ಬ್ಯಾಡ ಅನ್ನೋದೂ ಖರೇ ಐತಿ ಯವ್ವಾ, ಇದು ನಿಂದರಬಾರದು ಅನ್ನೋದೂ ಖರೇ ಐತಿ. ಎರಡನ್ನೂ ಹೆಂಗ ಹಿಡೀಬೇಕೋ ನನಗ ತಿಳೀವಲ್ದು.”

ಅಂದಿನಿಂದ ಪ್ರತಿ ಶುಕ್ರವಾರ ಬಂದರು. ಗಾಳಿಯ ಫಿಲ್ಟರ್ ಬಿಚ್ಚಿ, ಹಿತ್ತಲ ಬಟ್ಟೆ ಒಗೆಯುವ ಕಲ್ಲಿಗೆ ಮೂರು ಸಲ ಮೆಲ್ಲಗೆ ಬಡಿದು ಧೂಳು ಉದುರಿಸಿ ಮತ್ತೆ ಹಾಕುತ್ತಿದ್ದರು. ಚಹಾ ಕೊಟ್ಟರೆ ಕುಡಿಯುತ್ತಿರಲಿಲ್ಲ. ಕಿವಿಯ ಮುಂದಿನ ಕಲೆ ಮತ್ತೆ ಕಪ್ಪಾಯಿತು.

ಮೂರನೆಯ ವರ್ಷ ಅವರು ಬನ್ನಿ ಹಿಡಿದು ನಿಲ್ಲುತ್ತಾರೆಂದು ಯಾರೂ ಎಣಿಸಿರಲಿಲ್ಲ. ನಿಂತರು, ಒಬ್ಬರೇ, ರಸ್ತೆಯ ಅಂಚಿಗೆ. ಬಂದ ಗಾಡಿಯನ್ನೆಲ್ಲ ಕೈ ತೋರಿಸಿ ನಿಧಾನ ಮಾಡಿಸಿ ಮೊದಲು ಒಂದು ಮಾತು ಕೇಳುತ್ತಿದ್ದರು: “ಆಸ್ಪತ್ರಿಗೆ ಹೊಂಟೀರೇನು?” ಮೊದಲ ಲಾರಿಯವನಿಗೆ ವಿಷಯ ತಿಳಿಯಲಿಲ್ಲ, ಆದರೆ ಪಾರಾಗುವ ದಾರಿ ತಿಳಿಯಿತು. ಹೌದ್ರಿ ಎಂದ. ಕಾಕಾ ಪಕ್ಕಕ್ಕೆ ಸರಿದರು. ಹಿಂದಿನವನೂ ಹೌದ್ರಿ ಎಂದ. ಮೆಕ್ಕೆಜೋಳದ ಟ್ರ್ಯಾಕ್ಟರು, ಇಟ್ಟಿಗೆಯ ಟಿಪ್ಪರು, ಹೂವಿನ ಹಾರ ಹಾಕಿಕೊಂಡ ಕಾರು, ಎಲ್ಲವೂ ಅವತ್ತು ಆಸ್ಪತ್ರೆಗೇ ಹೊರಟಿದ್ದವು. ಸುಳ್ಳೆಂದು ಅವರಿಗೆ ಗೊತ್ತಿತ್ತು. ಒಂದನ್ನೂ ತಡೆಯಲಿಲ್ಲ. ಕತ್ತಲಾಗುವ ಮುಂಚೆ ಬುಟ್ಟಿ ತುಂಬ ಬನ್ನಿ ಹಾಗೆಯೇ ಹೊತ್ತು ಒಳಗೆ ಹೋದರು. ನಾನು ತವರುಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಹೋಗಿ ಒಂದು ಎಲೆ ತೆಗೆದುಕೊಳ್ಳಬಹುದಿತ್ತು. ಹೋಗಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಮುಂದಿನ ಬೇಸಿಗೆಯಲ್ಲಿ ಅವರೇ ನಮ್ಮ ರೋಗಿಯಾದರು. ಮೂವತ್ತೈದು ವರ್ಷದ ಹೊಗೆ ಎದೆಯಲ್ಲಿ ಕೂತಿತ್ತು. ಶಾಂತಮ್ಮ ಮಲಗಿದ್ದ ಕೋಣೆಯೇ ಸಿಕ್ಕಿತು, ಅದೇ ಆಕ್ಸಿಜನ್ ಮಷೀನು. ಬಿಸಿಲಿಗೆ ಊರೆಲ್ಲ ಫ್ಯಾನು ಹಚ್ಚಿ ಮಧ್ಯಾಹ್ನದ ಹೊತ್ತು ಕರೆಂಟು ಹೋಗುತ್ತಿತ್ತು. ಅವತ್ತೂ ಹೋಯಿತು. ಜನರೇಟರು ಶುರುವಾಯಿತು. ಕಾಕಾ ಕಣ್ಣು ಮುಚ್ಚಿ ಕಿವಿಗೊಟ್ಟರು.

“ಯವ್ವಾ, ಕಿಟಕ್ಯಾಗ ನೋಡು. ಹೊಗಿ ಯಾವ ಬಣ್ಣ ಐತಿ?”

ನೋಡಿದೆ. ಕಪ್ಪು. “ಹೊಗಿನೇ ಕಾಣವಲ್ದು ಕಾಕಾ, ಚೊಲೋ ಓಡಾಕ ಹತ್ತೈತಿ” ಎಂದೆ.

“ಸುಳ್ಳು. ಕರೀ ಹೊಗಿ ಬರಾಕ ಹತ್ತೈತಿ. ಅದಕ್ಕ ಉಸಿರು ಸಾಲವಲ್ದು. ಎರಡು ಶುಕ್ರವಾರ ಆತು ನಾ ಫಿಲ್ಟರ್ ಬಡದಿಲ್ಲ.” ಮಾತಿಗೊಂದು ಸಲ ನಿಂತು ಉಸಿರು ಎಳೆದುಕೊಂಡರು. “ಹೋಗು, ಬಂದ್ ಮಾಡು. ಬಿಚ್ಚಿ ಬಡಿ. ಹತ್ತು ನಿಮಿಷದ ಕೆಲಸ.”

“ಬಂದ್ ಮಾಡಿದ್ರ ನಿಮ್ಮ ಮಷೀನು ನಿಂದರ್ತೈತಿ.”

“ತಡೀತೀನಿ.”

“ಆಗಂಗಿಲ್ಲ ಕಾಕಾ.”

ಅವರು ನನ್ನ ಮುಖ ನೋಡಿದರು. ಒಂದೂವರೆ ವರ್ಷ ಶುಕ್ರವಾರ ಶುಕ್ರವಾರ ಬಂದರೂ ಒಮ್ಮೆಯೂ ಕೇಳದಿದ್ದ ಮಾತನ್ನು ಆಗ ಕೇಳಿದರು. “ಶಾಂತಮ್ಮ ಎಷ್ಟು ನಿಮಿಷ ತಡದ್ಲು?”

ನನಗೆ ಗೊತ್ತಿತ್ತು. ಗೋಡೆಯ ಗಡಿಯಾರ ನೋಡಿಕೊಂಡೇ ಆ ಚೀಲ ಒತ್ತಿದ್ದೆ. ಅವರ ಮೂಗಿನ ನಳಿಕೆ ಸರಿಮಾಡುವ ನೆವದಲ್ಲಿ ಬಾಗಿದೆ. ಅವರು ಗೋಡೆಯ ಕಡೆ ಹೊರಳಿದರು. ಹಿತ್ತಲಲ್ಲಿ ಜನರೇಟರು ಏದುಸಿರು ಬಿಡುತ್ತಾ ಓಡುತ್ತಲೇ ಇತ್ತು.

ಮೂರನೆಯ ದಿನ ಅದು ಓಡುತ್ತಿರುವಾಗಲೇ ಹೋದರು. ಮನೆಯಲ್ಲಿ ಮೈ ತೊಳೆಯುವಾಗ ಸೊಸೆ ಕಿವಿಯ ಮುಂದಿನ ಕಲೆಗೆ ಸೋಪು ಹಚ್ಚಿ ತಿಕ್ಕಿದಳು. ಅದು ಹೋಗಲಿಲ್ಲ. ಹಾಗೇ ವಿಭೂತಿ ಬಳಿದು ಕಡೆಯ ಪೂಜೆಗೆ ಕೂರಿಸಿದರು.

ಆ ಶುಕ್ರವಾರ ಕರೆಂಟು ಇದ್ದ ಹೊತ್ತು ನೋಡಿ ನಾನು ಹಿತ್ತಲಿಗೆ ಹೋದೆ. ಫಿಲ್ಟರ್ ಬಿಚ್ಚಿ ಅವರ ಕಲ್ಲಿಗೆ ಮೂರು ಸಲ ಬಡಿದೆ. ಕರಿ ಧೂಳು ಕೈತುಂಬ ಬಂತು. ಅವತ್ತು ಮಧ್ಯಾಹ್ನ ಜನರೇಟರು ಹತ್ತಿದಾಗ ಹೊಗೆ ತಿಳಿಯಾಗಿತ್ತು. ಬಣ್ಣ ಕೇಳುವವರು ಆ ಕೋಣೆಯಲ್ಲಿರಲಿಲ್ಲ.